ಎಚ್110 ಬೋರ್ಡಿನ ಹಳೆಯ ಡೆಸ್ಕ್‌ಟಾಪ್: ಪ್ರೊಸೆಸರ್ ಆರಿಸುವ ಮೊದಲು ರ‍್ಯಾಮ್ ಲೇಬಲ್ ಓದಿ

ಪ್ರಶ್ನೆ: ವಿಟಿಯು ವ್ಯಾಪ್ತಿಯ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ, ಮೂರನೇ ಸೆಮಿಸ್ಟರ್. ಮನೆ ರಾಜಾಜಿನಗರ. ಅಕ್ಕ 2017ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಈಗ ನನ್ನದು: ಇಂಟೆಲ್ ಐ3-7100, ಎಚ್110 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ಕ್ಯಾಬಿನೆಟ್ ಜೊತೆ ಬಂದ, ವಿದ್ಯುತ್ ಪೂರೈಸುವ 450 ವಾಟ್ ಎಸ್‌ಎಂಪಿಎಸ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆಂಡ್ರಾಯ್ಡ್ ಸ್ಟುಡಿಯೋ ತೆರೆದರೆ ಎಲ್ಲ ನಿಂತುಹೋಗುತ್ತದೆ. ವಿಂಡೋಸ್ 11 ಹಾಕಲು ಹೋದರೆ ಪ್ರೊಸೆಸರ್ ಹೊಂದುವುದಿಲ್ಲ ಅನ್ನುತ್ತದೆ. 25,000 ರೂಪಾಯಿ ಕೂಡಿಟ್ಟಿದ್ದೇನೆ. ಒಂದು ಅಂಗಡಿಯವರು ಸೆಕೆಂಡ್ ಹ್ಯಾಂಡ್ ಐ7-7700 ಹಾಕಿದರೆ ಸಾಕು ಅಂದರು. ಇನ್ನೊಬ್ಬರು ಐ5-12400ಎಫ್ ಮತ್ತು ಹೊಸ ಬೋರ್ಡ್ ಅಂದರು. ಯಾವುದು ಸರಿ? ತೆಗೆದ ಹಳೆಯ ಬೋರ್ಡ್, ಪ್ರೊಸೆಸರ್ ಪಿಯುಸಿ ಓದುವ ತಮ್ಮನಿಗೆ ಉಪಯೋಗಕ್ಕೆ ಬಂದೀತೇ?

ಉತ್ತರ: ಮೊದಲನೆಯವರ ಮಾತು ಬಿಟ್ಟುಬಿಡಿ. ಎರಡನೆಯವರು ಹೇಳಿದ್ದು ಒಂದೇ ಒಂದು ಅಕ್ಷರದಿಂದ ತಪ್ಪಿದೆ. ನಿಮಗೆ ಬೇಕಾಗಿರುವುದು ಐ5-12400, ಕೊನೆಯಲ್ಲಿ ‘ಎಫ್’ ಇಲ್ಲದ್ದು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಭಾಗ ಇಲ್ಲ ಎಂದರ್ಥ. ಬೋರ್ಡಿನ ಹಿಂದೆ ಎಚ್‌ಡಿಎಂಐ ಕಿಂಡಿ ಇದ್ದೇ ಇರುತ್ತದೆ, ಆದರೆ ಅಲ್ಲಿಗೆ ಚಿತ್ರ ಕಳಿಸುವುದು ಪ್ರೊಸೆಸರ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮ ಮನೆಯಲ್ಲಿ 12400ಎಫ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಮಾನಿಟರ್ ಕಪ್ಪಗೇ ಇರುತ್ತದೆ. ಎಫ್ ಇರುವುದು ಸ್ವಲ್ಪ ಅಗ್ಗ, ಹಾಗಾಗಿ ಕೊಟೇಶನ್‌ನಲ್ಲಿ ಅದೇ ಮೊದಲು ಬರುತ್ತದೆ. ಎಎಂಡಿಯಲ್ಲೂ ಇದೇ ಕಥೆ, ಅಕ್ಷರ ಮಾತ್ರ ತಿರುಗುಮುರುಗು: ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ.

ದುಡ್ಡು ಬಿಚ್ಚುವ ಮುಂಚೆ ಒಂದು ಸಂಜೆ ಹಳೆಯ ಕಂಪ್ಯೂಟರಿನ ಮುಂದೆಯೇ ಕೂತು ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಆಮೇಲೆ ಆಂಡ್ರಾಯ್ಡ್ ಸ್ಟುಡಿಯೋ ಶುರು ಮಾಡಿ. ಡಿಸ್ಕ್ ಶೇ 100ಕ್ಕೆ ಅಂಟಿಕೊಂಡು ಸಿಪಿಯು (ಅಂದರೆ ಪ್ರೊಸೆಸರ್) ಶೇ 30–40ರಲ್ಲಿದ್ದರೆ ನಿಮ್ಮನ್ನು ಕಾಯಿಸುತ್ತಿರುವುದು ಹಾರ್ಡ್‌ಡಿಸ್ಕ್. ಮೆಮೊರಿ 90 ದಾಟಿದರೆ ರ‍್ಯಾಮ್ ಸಾಲದೆ ವಿಂಡೋಸ್ ಆ ಹೊರೆಯನ್ನು ಅದೇ ನಿಧಾನದ ಡಿಸ್ಕಿಗೆ ಹೊರಿಸುತ್ತಿದೆ. ಡಿಸ್ಕ್ ಸುಮ್ಮನಿದ್ದು ಸಿಪಿಯು 100 ಮುಟ್ಟಿದ್ದರೆ ಮಾತ್ರ ದೋಷ ಪ್ರೊಸೆಸರಿನದು. ನಿಮ್ಮ ಕಂಪ್ಯೂಟರಿನಲ್ಲಿ ಮೂರೂ ಒಂದರ ಹಿಂದೆ ಒಂದು ಕಾಣುತ್ತವೆ: ತೆರೆಯುವಾಗ ಡಿಸ್ಕ್, ತೆರೆದ ಮೇಲೆ ಮೆಮೊರಿ, ಬಿಲ್ಡ್ ಕೊಟ್ಟಾಗ (ಬರೆದ ಕೋಡನ್ನು ಆ್ಯಪ್ ಆಗಿಸುವಾಗ) ಸಿಪಿಯು. ಹಾಗಾಗಿ 25,000ವನ್ನೂ ಪ್ರೊಸೆಸರ್ ಮೇಲೆ ಸುರಿದು ಹಳೆಯ ಹಾರ್ಡ್‌ಡಿಸ್ಕಿನಿಂದಲೇ ವಿಂಡೋಸ್ ಓಡಿಸಿದರೆ ಬೆಳಿಗ್ಗೆ ಸ್ವಿಚ್ ಒತ್ತಿ ಕಾಯುವ ಹೊತ್ತು ಹೆಚ್ಚೇನೂ ಕಡಿಮೆಯಾಗದು. ಏನೇ ಕೊಂಡರೂ ಅದರಲ್ಲಿ 500 ಜಿಬಿ ಆಸುಪಾಸಿನ, ಹಾರ್ಡ್‌ಡಿಸ್ಕಿಗಿಂತ ಎಷ್ಟೋ ಚುರುಕಾದ ಎಸ್‌ಎಸ್‌ಡಿ ಸೇರಿರಲೇಬೇಕು. 256 ಜಿಬಿ ಬೇಡ. ಆಂಡ್ರಾಯ್ಡ್‌ನ ಎಸ್‌ಡಿಕೆ, ಎರಡು ಎಮ್ಯುಲೇಟರ್ (ಪರದೆಯ ಮೇಲೆ ಓಡುವ ನಕಲಿ ಫೋನ್), ಒಂದು ವರ್ಚುವಲ್ ಮಶೀನ್ ಹಾಕುವಷ್ಟರಲ್ಲಿ ಅದು ತುಂಬಿರುತ್ತದೆ.

ಅದೇ ಪುಟದಲ್ಲಿ ಮೆಮೊರಿ ಮೇಲೆ ಒತ್ತಿದರೆ ವೇಗ ಎಷ್ಟು, ಎರಡು ಸ್ಲಾಟ್‌ನಲ್ಲಿ ಎಷ್ಟು ತುಂಬಿವೆ ಎಂದೂ ಕಾಣುತ್ತದೆ. ಅಷ್ಟಕ್ಕೇ ನಿಲ್ಲಬೇಡಿ. ವಿದ್ಯುತ್ ತೆಗೆದು, ಕ್ಯಾಬಿನೆಟ್‌ನ ಎಡಬದಿಯ ತಗಡು ಬಿಚ್ಚಿ, ರ‍್ಯಾಮ್ ಸ್ಟಿಕ್ ಮೇಲಿನ ಲೇಬಲ್ ಓದಿ. ‘1ಆರ್‌ಎಕ್ಸ್8 ಪಿಸಿ4-2400ಟಿ’ ಎಂಬಂಥ ಸಾಲು ಇರುತ್ತದೆ. ಅದರಲ್ಲಿ ‘ಪಿಸಿ4’ ಎಂದಿದ್ದರೆ ಡಿಡಿಆರ್4, ‘ಪಿಸಿ3’ ಎಂದಿದ್ದರೆ ಡಿಡಿಆರ್3. ಇವು ರ‍್ಯಾಮ್‌ನ ಬೇರೆ ಬೇರೆ ಪೀಳಿಗೆಗಳು, ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರದು. ಎಚ್110 ಬೋರ್ಡುಗಳು ಎರಡೂ ಬಗೆಯಲ್ಲಿ ಬಂದಿದ್ದವು, ಅದಕ್ಕೇ ಕಣ್ಣಾರೆ ನೋಡಿ ಅನ್ನುತ್ತಿರುವುದು. ನಿಮ್ಮ ಇಡೀ ಆಯ್ಕೆ ಈ ಬೆರಳುದ್ದದ ಲೇಬಲ್ ಮೇಲೆ ನಿಂತಿದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಮೊದಲು ಸೇರಿಸಿಬಿಡೋಣ ಅನ್ನುವಂತಿದ್ದ ವಸ್ತು ಈಗ ಬಜೆಟ್ಟನ್ನೇ ತಿನ್ನುತ್ತಿದೆ. ಕೈಯಲ್ಲಿರುವ 8 ಜಿಬಿ ಡಿಡಿಆರ್4 ಉಳಿಸಿಕೊಂಡು, ಇನ್ನೊಂದು 8 ಜಿಬಿ ಮಾತ್ರ ಕೊಳ್ಳುವ ದಾರಿ ಇದ್ದರೆ ಅದನ್ನೇ ಹಿಡಿಯಿರಿ.

ಮುಂದೆ ಹೇಳುವುದೆಲ್ಲ ನಿಮ್ಮ 8 ಜಿಬಿ ಒಂದೇ ಸ್ಟಿಕ್‌ನಲ್ಲಿದೆ, ಅದು ಡಿಡಿಆರ್4 ಎಂದುಕೊಂಡು.

ಐ7-7700 ಯಾಕೆ ಬೇಡ? ಬೋರ್ಡಿಗೆ ಹೊಂದುವುದಿಲ್ಲ ಅಂತಲ್ಲ, ಹೊಂದುತ್ತದೆ. ನಿಮ್ಮ 7100ರ ಎರಡು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು) ಬದಲು ನಾಲ್ಕು ಕೋರ್, ಎಂಟು ಥ್ರೆಡ್ ಸಿಗುತ್ತದೆ. ಆದರೆ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವ ಸಾಮಾನ್ಯ ಡೆಸ್ಕ್‌ಟಾಪ್ ಇಂಟೆಲ್ ಪ್ರೊಸೆಸರುಗಳು ಎಂಟನೇ ಪೀಳಿಗೆಯಿಂದ ಶುರು, 7700 ಏಳನೆಯದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಐ3-12100ಗೂ ನಾಲ್ಕು ಕೋರ್, ಎಂಟು ಥ್ರೆಡ್ಡೇ, ಆದರೂ ಅದು 7700ಅನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ವಾರಂಟಿ ಇಲ್ಲದ, ಎಷ್ಟು ವರ್ಷ ಎಲ್ಲಿ ದುಡಿಯಿತೋ ಗೊತ್ತಿಲ್ಲದ ಚಿಪ್‌ಗೆ ಐ7 ಅನ್ನುವ ಹೆಸರಿನ ಬೆಲೆ ತೆರುವುದು ನ್ಯಾಯವಲ್ಲ. ಆ ಹೆಸರಿನ ಮೋಹ ಇನ್ನೊಂದು ಕಡೆಯೂ ದಾರಿ ತಪ್ಪಿಸುತ್ತದೆ: ‘ಐ7 ಕಾಂಬೊ’ ಎಂದು ಅಗ್ಗಕ್ಕೆ ಮಾರುವ ಹೊಸ ಬೋರ್ಡ್ ಸೆಟ್‌ಗಳನ್ನು ತೆರೆದು ನೋಡಿದರೆ ಒಳಗಿರುವುದು ಐ7-3770, ಅಂದರೆ 2012ರ ಪ್ರೊಸೆಸರ್, ಡಿಡಿಆರ್3 ರ‍್ಯಾಮ್. ‘ಐ’ ಪಕ್ಕದ ಅಂಕಿಗಿಂತ ಅಡ್ಡಗೆರೆಯ ನಂತರ ಬರುವ ಅಂಕಿ ದೊಡ್ಡ ಮಾತು. ಎಂಟನೇ ಅಥವಾ ಒಂಬತ್ತನೇ ಪೀಳಿಗೆಯ ಚಿಪ್ಪನ್ನು ನಿಮ್ಮ ಬೋರ್ಡಿಗೆ ಹಾಕೋಣ ಎಂದು ಯಾರಾದರೂ ಅಂದರೆ ಅದೂ ಆಗದು. ಸಾಕೆಟ್ಟಿನ ಹೆಸರು ಎಲ್‌ಜಿಎ1151 ಎಂದೇ ಇದೆ, ಗುಂಡಿಯಲ್ಲಿ ಕೂರುತ್ತದೆ ಕೂಡ, ಆದರೆ 300 ಸರಣಿಯ ಬೋರ್ಡ್ ಇಲ್ಲದೆ ಎದ್ದೇಳುವುದಿಲ್ಲ.

ಡಿಡಿಆರ್4 ಉಳಿಸಿಕೊಳ್ಳುವವರಿಗೆ ಹೊಸದರಲ್ಲಿ ಎರಡು ದಾರಿ. ಒಂದು ಇಂಟೆಲ್ ಎಲ್‌ಜಿಎ1700 ಸಾಕೆಟ್: ಐ5-12400, ಆರು ಕೋರ್, ಹನ್ನೆರಡು ಥ್ರೆಡ್. ಇನ್ನೊಂದು ಎಎಂಡಿ ಎಎಂ4 ಸಾಕೆಟ್: ರೈಜನ್ 5 5600ಜಿ, ಅದಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಕೋಡ್ ಬರೆದು ಬಿಲ್ಡ್ ಮಾಡುವವರಿಗೆ 12400 ಮೇಲು. ಒಂದೊಂದು ಕೋರಿನ ವೇಗ ಅದರಲ್ಲಿ ಹೆಚ್ಚು, ಎಡಿಟರ್, ಬ್ರೌಸರ್, ಕಂಪೈಲರ್ ಎಲ್ಲಕ್ಕೂ ಅದು ತಕ್ಷಣ ಗೊತ್ತಾಗುತ್ತದೆ. 5600ಜಿ ಗೆಲ್ಲುವುದು ಒಳಗಿನ ಗ್ರಾಫಿಕ್ಸ್‌ನಲ್ಲಿ. ಸಂಜೆ ಸಣ್ಣಪುಟ್ಟ ಗೇಮ್ ಆಡಬೇಕು, ಕಾರ್ಡ್ ಕೊಳ್ಳುವ ಯೋಚನೆ ಇಲ್ಲ ಅಂದರೆ ಅದನ್ನೇ ತೆಗೆದುಕೊಳ್ಳಿ. ಆದರೆ ಆಗ ನಿಮ್ಮ ಹಳೆಯ ಸ್ಟಿಕ್ ಕಾಲೆಳೆಯುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಉಣ್ಣುವುದು ರ‍್ಯಾಮ್‌ನಿಂದಲೇ. 2400 ವೇಗದ ಒಂದು ಸ್ಟಿಕ್ ಸೆಕೆಂಡಿಗೆ 19.2 ಜಿಬಿ ಸಾಗಿಸಬಲ್ಲದು, ಎರಡಾದರೆ 38.4, 3200ರ ಎರಡಾದರೆ 51.2. 2400 ಮತ್ತು 3200 ಬೆರೆಸಿದರೆ ಎರಡೂ 2400ಕ್ಕೆ ಇಳಿಯುತ್ತವೆ. 12400ರ ಸಾಧಾರಣ ಗ್ರಾಫಿಕ್ಸ್‌ಗೆ, ಕೋಡಿಂಗ್ ಕೆಲಸಕ್ಕೆ ಈ ಇಳಿತ ದೊಡ್ಡದಲ್ಲ. 5600ಜಿಯಲ್ಲಿ ಗೇಮ್ ಆಡುವವರಿಗೆ ದೊಡ್ಡದು. ಹಳೆಯ ಸ್ಟಿಕ್ ಉಳಿಸಿಕೊಳ್ಳುವ ನಿಮಗೆ 12400 ಸೂಚಿಸಲು ಇದೂ ಒಂದು ಕಾರಣ.

ಎಎಂಡಿಯ ಹೊಸ ಸಾಕೆಟ್ ಎಎಂ5 ಯಾಕಿಲ್ಲ ಎಂದು ಗೆಳೆಯರು ಕೇಳುತ್ತಾರೆ. ಮುಂದೆ ಪ್ರೊಸೆಸರ್ ಬದಲಿಸುವ ಅವಕಾಶ ಅದರಲ್ಲೇ ಹೆಚ್ಚು, ನಿಜ. ಎಲ್‌ಜಿಎ1700 ಹದಿನಾಲ್ಕನೇ ಪೀಳಿಗೆಗೆ ಮುಗಿಯಿತು, ಇಂಟೆಲ್ 2024ರ ಅಕ್ಟೋಬರ್‌ನಲ್ಲೇ ಎಲ್‌ಜಿಎ1851ಕ್ಕೆ ಹೋಯಿತು. ಆದರೆ ಎಎಂ5ಕ್ಕೆ ಡಿಡಿಆರ್5 ಬಿಟ್ಟು ಬೇರೆ ರ‍್ಯಾಮ್ ಹಾಕಲಾಗದು. ಈಗಿನ ಬೆಲೆಯಲ್ಲಿ 16 ಜಿಬಿ ಡಿಡಿಆರ್5 ಕೊಂಡರೆ ನಿಮ್ಮ 25,000ದಲ್ಲಿ ಎಸ್‌ಎಸ್‌ಡಿಗೋ ಎಸ್‌ಎಂಪಿಎಸ್‌ಗೋ ಕತ್ತರಿ ಬೀಳುತ್ತದೆ. ಓದು ಮುಗಿಯುವ ತನಕ 12400 ಧಾರಾಳವಾಗಿ ಸಾಕು.

ಬೋರ್ಡಿಗೆ ಬರೋಣ. 12400ಕ್ಕೆ ಎಚ್610 ಸಾಕು, ಬಿ660 ಅಥವಾ ಬಿ760 ಇದ್ದರೆ ಒಳ್ಳೆಯದು. ಎಚ್610ರಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್, ಬೋರ್ಡಿಗೇ ನೇರ ಕೂರುವ ಎಂ.2 ಎಸ್‌ಎಸ್‌ಡಿಯ ವೇಗ ಸೆಕೆಂಡಿಗೆ ಸುಮಾರು 3,500 ಎಂಬಿಗೆ ಮಿತಿ. ನಿಮಗೆ ಇವೆರಡೂ ಕೊರತೆಯಾಗಿ ಕಾಣುವುದಿಲ್ಲ. ಎಚ್ಚರ ಬೇಕಾಗಿರುವುದು ಬೇರೆ ಕಡೆ: ಎಚ್610 ಡಿಡಿಆರ್4ರಲ್ಲೂ ಇದೆ, ಡಿಡಿಆರ್5ರಲ್ಲೂ ಇದೆ, ಮಾಡೆಲ್ ಹೆಸರು ಬಹುತೇಕ ಒಂದೇ. ಹೆಸರಿನ ಬಾಲದಲ್ಲಿ ‘ಡಿ4’ ಅಥವಾ ‘ಡಿಡಿಆರ್4’ ಎಂದು ಇದೆಯೇ ನೋಡಿ, ಇಲ್ಲದಿದ್ದರೆ ಬಾಕ್ಸ್‌ನ ಬದಿಯಲ್ಲಿರುವ ವಿವರ ಓದಿ. ತಪ್ಪಾಗಿ ಡಿಡಿಆರ್5 ಬೋರ್ಡ್ ತಂದರೆ ಸ್ಟಿಕ್‌ನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಕೂರುವುದೇ ಇಲ್ಲ. ಬಲವಾಗಿ ಒತ್ತಿದರೆ ಸ್ಲಾಟ್ ಮುರಿಯುತ್ತದೆ. ಎರಡನೆಯದು, ನಿಮ್ಮ ಮಾನಿಟರ್. 2017ರದಾದರೆ ಬರೀ ವಿಜಿಎ ಕೇಬಲ್ ಇರುವ ಸಾಧ್ಯತೆ ಇದೆ, ಬೋರ್ಡಿನಲ್ಲಿ ಆ ಕಿಂಡಿ ಇದೆಯೇ ಕೇಳಿ. ಮೂರನೆಯದು, ಪ್ರೊಸೆಸರ್ ಸಾಕೆಟ್ಟಿನ ಎಡಕ್ಕೆ ವಿದ್ಯುತ್ ಹದ ಮಾಡುವ ಚಿಪ್ಪುಗಳ ಮೇಲೆ ಲೋಹದ ಹೀಟ್‌ಸಿಂಕ್ ಇರುವ ಬೋರ್ಡ್ ಸಿಕ್ಕರೆ ಇನ್ನೂರು ಮುನ್ನೂರು ಹೆಚ್ಚಾದರೂ ಅದೇ ಇರಲಿ. 12400ರ ಹೆಸರಿಗೆ 65 ವಾಟ್ ಇದ್ದರೂ ಜೋರು ಕೆಲಸದಲ್ಲಿ 117ರವರೆಗೆ ಎಳೆಯುತ್ತದೆ. 12ನೇ ಪೀಳಿಗೆಯ ಪ್ರೊಸೆಸರಿಗೆ ಎಚ್610ರಲ್ಲಿ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ತಲೆನೋವು ಇಲ್ಲ. ಎಎಂ4ರ ಹಳೆಯ ಬಿ450, ಎ520 ಕೊಳ್ಳುವವರು ಮಾತ್ರ ಬಾಕ್ಸ್ ಮೇಲೆ ‘ರೈಜನ್ 5000 ರೆಡಿ’ ಚೀಟಿ ಇದೆಯೇ ನೋಡಿ, ಇಲ್ಲವಾದರೆ ಅಂಗಡಿಯಲ್ಲೇ ಬಯೋಸ್ ಬದಲಿಸಿ ಕೊಡಲು ಹೇಳಿ.

ಈಗ ಎಸ್‌ಎಂಪಿಎಸ್, ಎಲ್ಲರೂ ಮರೆಯುವ ವಸ್ತು. ಅದರ ಬದಿಯ ಚೀಟಿಯಲ್ಲಿ 450 ವಾಟ್ ಎಂದು ದಪ್ಪಕ್ಷರ ಇರುತ್ತದೆ. ಕೆಳಗೆ ಸಣ್ಣ ಅಕ್ಷರದ ಕೋಷ್ಟಕದಲ್ಲಿ +12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ, ಹನ್ನೆರಡರಿಂದ ಗುಣಿಸಿ. 14 ಆಂಪಿಯರ್ ಇದ್ದರೆ 168 ವಾಟ್. ಪ್ರೊಸೆಸರಿಗೆ ಉಪಯೋಗಕ್ಕೆ ಬರುವುದು ಅಷ್ಟೇ, ಮೇಲಿನ 450 ಅಲ್ಲ. ನಿಮ್ಮ ಹೊಸ ಜೋಡಣೆ ಒಟ್ಟು 150–160 ವಾಟ್ ಮುಟ್ಟೀತು, ಲೆಕ್ಕದಲ್ಲಿ ಸಾಕು ಅನ್ನಿಸುತ್ತದೆ. ಆದರೆ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಇಷ್ಟು ವರ್ಷದ ಧೂಳು, ಕಾವು ಕಂಡ ಮೇಲೆ ಅಂಚಿನವರೆಗೆ ನಂಬುವಂಥದ್ದಲ್ಲ. ಅದು ಕೈಕೊಡುವ ರೀತಿಯೂ ಮೋಸದ್ದು: ಬಿಲ್ಡ್ ಕೊಟ್ಟಾಗ ಮಾತ್ರ ರೀಸ್ಟಾರ್ಟ್ ಆಗುತ್ತದೆ, ನೀವು ವಿಂಡೋಸನ್ನು ಬೈಯುತ್ತೀರಿ. ಇನ್ನೊಂದು ತೊಡಕು, ಹಳೆಯದರಲ್ಲಿ ಪ್ರೊಸೆಸರ್ ವಿದ್ಯುತ್ತಿಗೆ ನಾಲ್ಕು ಪಿನ್ನಿನ ಕೇಬಲ್ ಮಾತ್ರ ಇದ್ದೀತು. ಹೊಸ ಬೋರ್ಡುಗಳು ಸಾಮಾನ್ಯವಾಗಿ ಎಂಟು ಪಿನ್ ಕೇಳುತ್ತವೆ. ವಿದ್ಯುತ್ ದಕ್ಷತೆಯ ‘80 ಪ್ಲಸ್’ ಗುರುತಿನ, 4+4 ಪಿನ್ ಕೇಬಲ್ ಇರುವ 450 ವಾಟ್‌ನದನ್ನು ಪಟ್ಟಿಯಲ್ಲಿ ಬರೆದಿಡಿ.

ಎಲ್ಲ ಕೂಡಿಸಿದಾಗ ಲೆಕ್ಕ 25,000 ದಾಟಿದರೆ ಕಡಿಮೆ ಮಾಡುವ ಕ್ರಮ ಹೀಗಿರಲಿ: ಮೊದಲು 12400 ಬದಲು 12100ಗೆ ಇಳಿಯಿರಿ (ಇಲ್ಲೂ ಎಫ್ ಬೇಡ). ಆಮೇಲೆ ಬಿ660 ಆಸೆ ಬಿಟ್ಟು ಎಚ್610. ಎಸ್‌ಎಸ್‌ಡಿ, ಎರಡನೇ ರ‍್ಯಾಮ್ ಸ್ಟಿಕ್, ಎಸ್‌ಎಂಪಿಎಸ್ ಮೂರನ್ನೂ ಮುಟ್ಟಬೇಡಿ. 16 ಜಿಬಿ ಇರುವ 12100, 8 ಜಿಬಿಯ 12400ಕ್ಕಿಂತ ನಿಮ್ಮ ಕೈಗೆ ಚುರುಕಾಗಿ ಸಿಗುತ್ತದೆ.

ಕೊಳ್ಳಲು ಕಂಪ್ಯೂಟರ್ ಅಂಗಡಿಗಳ ಸಾಲಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಿ. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರ್ಕೆಟ್‌ನಲ್ಲೋ ಇಳಿದರೆ ನಡೆದೇ ಮುಟ್ಟಬಹುದು. ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ. ಬಿಡಿ ಬಿಡಿ ಬೆಲೆ ಕೇಳಬೇಡಿ. ಮಾಡೆಲ್ ನಂಬರ್ ಸಮೇತ ಐದೂ ವಸ್ತುಗಳ ಪಟ್ಟಿ ಬರೆದುಕೊಂಡು ಮೂರು ಅಂಗಡಿಯಲ್ಲಿ ಅದೇ ಚೀಟಿ ತೋರಿಸಿ, ಒಟ್ಟು ಎಷ್ಟು, ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂದು ಕೇಳಿ. ಈ ವಸ್ತುಗಳಿಗೆ ಶೇ 18 ಜಿಎಸ್‌ಟಿ ಇದೆ. ಬಿಟ್ಟು ಹೇಳಿದ ಬೆಲೆ ಕೇಳಿ ಹಿಗ್ಗಿದರೆ ಬಿಲ್ ಹರಿಯುವಾಗ ಬಜೆಟ್ ಒಡೆಯುತ್ತದೆ. ಬಿಲ್ ಬೇಡ, ಕಡಿಮೆ ಮಾಡಿಕೊಡ್ತೀವಿ ಅಂದರೆ ಒಪ್ಪಬೇಡಿ. ಬಾಕ್ಸ್ ಪ್ರೊಸೆಸರಿಗೆ ಇಂಟೆಲ್‌ನ ಮೂರು ವರ್ಷದ ವಾರಂಟಿ ಇದೆ, ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದಿದ್ದರೆ ಅದಕ್ಕಾಗಿ ಅಲೆಯಬೇಕಾಗುತ್ತದೆ. ‘ಟ್ರೇ’ ಪ್ರೊಸೆಸರ್ ಅಂದರೆ ಬಾಕ್ಸ್ ಇಲ್ಲ, ಫ್ಯಾನೂ ಇಲ್ಲ. ನಿಮ್ಮ ಹಳೆಯ ಫ್ಯಾನ್ ಇದಕ್ಕೆ ಕೂರುವುದಿಲ್ಲ: ಹಳೆಯ ಬೋರ್ಡಿನಲ್ಲಿ ಫ್ಯಾನ್ ತೂತುಗಳ ನಡುವೆ 75 ಮಿಲಿಮೀಟರ್, ಎಲ್‌ಜಿಎ1700ರಲ್ಲಿ 78. ಮೂರೇ ಮಿಲಿಮೀಟರ್ ಅಂತ ಒತ್ತಿ ಕೂರಿಸುವವರಿದ್ದಾರೆ. ಒಂದು ಮೂಲೆ ಎದ್ದಿರುತ್ತದೆ, ಪ್ರೊಸೆಸರ್ ಕುದಿಯುತ್ತದೆ.

ಅಂಗಡಿಯ ಮೆಟ್ಟಿಲು ಇಳಿಯುವ ಮುಂಚೆ ಕೌಂಟರಿನ ಮೇಲೆಯೇ ಬೋರ್ಡ್ ಬಾಕ್ಸ್ ತೆರೆಸಿ. ಸಾಕೆಟ್ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಎತ್ತಿ, ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಿ. ಸಾವಿರದ ಏಳುನೂರು ಪಿನ್ನುಗಳು ಗಾಳಿಗೆ ಒಂದೇ ಕಡೆ ಬಾಗಿದ ಪೈರಿನ ಹಾಗೆ ಒಂದೇ ಸಮ ಹೊಳೆಯಬೇಕು. ಎಲ್ಲಾದರೂ ಒಂದು ಚುಕ್ಕಿ ಮಂಕಾಗಿದ್ದರೆ, ಸಾಲು ತಪ್ಪಿದ್ದರೆ ಪಿನ್ ಬಾಗಿದೆ ಎಂದರ್ಥ, ಬೇರೆ ಬೋರ್ಡ್ ಕೇಳಿ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಾಗಿದ ಪಿನ್ನಿಗೆ ವಾರಂಟಿ ಅನ್ವಯಿಸುವುದಿಲ್ಲ, ಮನೆಗೆ ಹೋದ ಮೇಲೆ ಯಾರು ಬಗ್ಗಿಸಿದರು ಅನ್ನುವ ಜಗಳಕ್ಕೆ ಕೊನೆಯೂ ಇಲ್ಲ.

ಹಳೆಯದನ್ನು ಬಿಚ್ಚುವ ಹಿಂದಿನ ರಾತ್ರಿ ಮೂರು ಕೆಲಸ ಇದೆ. ಕಡತಗಳ ನಕಲು ಹೊರಗಿನ ಡ್ರೈವ್‌ಗೆ. ವಿಂಡೋಸ್ ಲೈಸೆನ್ಸ್ ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸುವುದು. ಅಂಗಡಿಯವರು ಹಾಕಿಕೊಟ್ಟ ಒಇಎಂ ಲೈಸೆನ್ಸ್ ಹಳೆಯ ಬೋರ್ಡಿಗೆ ಅಂಟಿದ್ದು, ಅದು ಹೊಸದಕ್ಕೆ ಬರುವುದಿಲ್ಲ. ಮೂರನೆಯದು, ವಿಂಡೋಸ್ 11ರ ಪೆನ್‌ಡ್ರೈವ್ ಸಿದ್ಧ ಮಾಡಿ, ಅದರಲ್ಲೇ ಹೊಸ ಬೋರ್ಡಿನ ಲ್ಯಾನ್ ಡ್ರೈವರ್ (ತಂತಿಯ ಇಂಟರ್‌ನೆಟ್ ಕಿಂಡಿಯನ್ನು ಓಡಿಸುವ ತಂತ್ರಾಂಶ) ಹಾಕಿಡುವುದು. ಇನ್‌ಸ್ಟಾಲ್ ಮಧ್ಯೆ ವಿಂಡೋಸ್ ಇಂಟರ್‌ನೆಟ್ ಕೇಳುತ್ತದೆ, ಡ್ರೈವರ್ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತೀರಿ. ಹಳೆಯ ಹಾರ್ಡ್‌ಡಿಸ್ಕ್ ಸಿಕ್ಕಿಸಿದರೆ ಹಳೆಯ ವಿಂಡೋಸ್ ಹಾಗೇ ಎದ್ದೀತು ಎಂದು ನೆಚ್ಚಬೇಡಿ. ಅದು ಹಳೆಯ ಬೂಟ್ ವಿಧಾನವಾದ ಲೆಗಸಿ ಮೋಡ್‌ನಲ್ಲಿ ಹಾಕಿದ್ದಾಗಿದ್ದರೆ, ಒಳಗಿನ ಗ್ರಾಫಿಕ್ಸ್‌ನಲ್ಲಿ ಓಡುವ ಎಚ್610 ಬೋರ್ಡ್ ಅದನ್ನು ಬೂಟ್ ಮಾಡುವುದಿಲ್ಲ. ಹೊಸ ಎಸ್‌ಎಸ್‌ಡಿಗೆ ಹೊಸದಾಗಿ ಹಾಕಿ. ಹಾಕುವಾಗ ಹಾರ್ಡ್‌ಡಿಸ್ಕಿನ ಕೇಬಲ್ ತೆಗೆದಿಡಿ, ತಪ್ಪಿ ಅದನ್ನೇ ಫಾರ್ಮ್ಯಾಟ್ ಮಾಡುವ ಭಯ ಇರದು.

ಜೋಡಿಸುವುದು ಒಂದು ಮಧ್ಯಾಹ್ನದ ಕೆಲಸ. ಬೋರ್ಡನ್ನು ಅದರ ರಟ್ಟಿನ ಬಾಕ್ಸ್ ಮೇಲಿಟ್ಟು ಪ್ರೊಸೆಸರ್, ಫ್ಯಾನ್, ರ‍್ಯಾಮ್, ಎಸ್‌ಎಸ್‌ಡಿ ಹೊರಗೇ ಕೂರಿಸಿ. ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಬರಬೇಕು; ಒತ್ತಬೇಡಿ, ಬಿಟ್ಟರೆ ತಾನೇ ಇಳಿಯುತ್ತದೆ. ಸಾಕೆಟ್ಟಿನ ಪಕ್ಕದ ಲೋಹದ ಸನ್ನೆ ಅದುಮುವಾಗ ಕರಕರ ಶಬ್ದ, ಗಟ್ಟಿತನ ಸಹಜ. ಬಾಕ್ಸ್ ಫ್ಯಾನಿನ ತಳದಲ್ಲಿ ಶಾಖ ಸಾಗಿಸುವ ಪೇಸ್ಟ್ ಹಚ್ಚಿಯೇ ಇರುತ್ತದೆ, ಮೇಲೆ ಇನ್ನಷ್ಟು ಹಾಕಬೇಡಿ. ಫ್ಯಾನಿನ ನಾಲ್ಕು ಕಾಲುಗಳನ್ನು ಎದುರುಬದುರು ಮೂಲೆಯಲ್ಲಿ ಜೋಡಿಯಾಗಿ ಅದುಮಿ, ಪ್ರತಿಯೊಂದಕ್ಕೂ ಟಕ್ ಅನ್ನಬೇಕು. ಬೋರ್ಡ್ ಮಗುಚಿ ನೋಡಿದರೆ ನಾಲ್ಕೂ ಬಿಳಿ ತುದಿಗಳು ಸಮನಾಗಿ ಹೊರಬಂದಿರಬೇಕು. ಕ್ಯಾಬಿನೆಟ್‌ನಲ್ಲಿ ಬೋರ್ಡನ್ನು ತಗಡಿನಿಂದ ಮೇಲೆತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು ಹೊಸ ಬೋರ್ಡಿನ ತೂತುಗಳಿಗೆ ಸರಿಯಾಗಿವೆಯೇ ಎಣಿಸಿ. ತೂತಿಲ್ಲದ ಜಾಗದಲ್ಲಿ ಒಂದು ಉಳಿದರೂ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ.

ಸ್ವಿಚ್ ಒತ್ತಿದಾಗ ಏನೂ ಕಾಣದಿದ್ದರೆ ಗಾಬರಿ ಬೇಡ, ಒಂದೆರಡು ನಿಮಿಷ ಕೊಡಿ. ಮೊದಲ ಸಲ ಬೋರ್ಡ್ ರ‍್ಯಾಮ್ ಪರೀಕ್ಷಿಸಿಕೊಂಡು ಒಂದೆರಡು ಬಾರಿ ತಾನೇ ಆರಿ ಹತ್ತೀತು. ಆಮೇಲೂ ಕಪ್ಪಗಿದ್ದರೆ ಮೊದಲ ಅನುಮಾನ ಪ್ರೊಸೆಸರ್ ಪಕ್ಕದ ಎಂಟು ಪಿನ್ ಕೇಬಲ್ ಮೇಲೆ, ಎರಡನೆಯದು ಪೂರ್ತಿ ಕೂರದ ರ‍್ಯಾಮ್ ಮೇಲೆ. ಒಂದೊಂದೇ ಸ್ಟಿಕ್ ಹಾಕಿ ನೋಡಿ. ಹಳೆಯದು ಹೊಸದು ಒಟ್ಟಿಗೆ ಒಗ್ಗದೆ ಇರುವುದೂ ಉಂಟು. ಅದಕ್ಕೇ ಸಾಧ್ಯವಾದರೆ ಹಳೆಯ ಸ್ಟಿಕ್ಕನ್ನು ಅಂಗಡಿಗೇ ಒಯ್ದು, ಹೊಸದರ ಜೊತೆ ಅಲ್ಲೇ ಹಾಕಿಸಿ ನೋಡಿ. ಎದ್ದ ಮೇಲೆ ಬಯೋಸ್‌ನಲ್ಲಿ ಇಂಟೆಲ್ ವರ್ಚುವಲೈಸೇಶನ್ ಆನ್ ಇದೆಯೇ ನೋಡಿ, ಎಎಂಡಿಯಾದರೆ ಅದರ ಹೆಸರು ಎಸ್‌ವಿಎಂ ಮೋಡ್, ಅದು ಎಷ್ಟೋ ಬೋರ್ಡಿನಲ್ಲಿ ಆಫ್ ಆಗಿಯೇ ಬರುತ್ತದೆ. ಅದಿಲ್ಲದೆ ಆಂಡ್ರಾಯ್ಡ್ ಎಮ್ಯುಲೇಟರ್ ಓಡದು, ಓಡಿದರೂ ತೆವಳುತ್ತದೆ. ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಸುರಕ್ಷತಾ ಭಾಗ ಇಂಟೆಲ್ ಬಯೋಸ್‌ನಲ್ಲಿ ಪಿಟಿಟಿ ಎಂಬ ಹೆಸರಲ್ಲಿದೆ.

ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆಂದರೆ ಮನೆಯ ಆ ಸಾಕೆಟ್ಟಿಗೆ ಅರ್ತಿಂಗ್ ಇಲ್ಲ. ಬೆಂಗಳೂರಿನ ಹಳೆಯ ಬಾಡಿಗೆ ಮನೆಗಳಲ್ಲಿ ಇದು ಸಾಮಾನ್ಯ. ಹೊಸ ಬೋರ್ಡ್ ಹಾಕುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಸರಿಪಡಿಸಿ. ಕರೆಂಟ್ ಹೋಗಿ ಬರುವಾಗ ಎಸ್‌ಎಸ್‌ಡಿ ಬರವಣಿಗೆ ಅರ್ಧಕ್ಕೆ ನಿಲ್ಲಬಾರದು, 600 ವಿಎ ಯುಪಿಎಸ್ ಈ ಜೋಡಣೆಗೆ ಸಾಕು.

ತಮ್ಮನ ವಿಷಯ. ಐ3-7100 ಮತ್ತು ಎಚ್110 ಅವನಿಗೆ ಖಂಡಿತ ಉಪಯೋಗಕ್ಕೆ ಬರುತ್ತವೆ. ಬೆಂಬಲ ಮುಗಿದ ವಿಂಡೋಸ್ 10 ಬದಲು ಲಿನಕ್ಸ್ ಮಿಂಟ್ ಹಾಕಿದರೆ ಪಾಠದ ವಿಡಿಯೋ, ಪಿಡಿಎಫ್, ಪೈಥಾನ್ ಕಲಿಕೆ ಎಲ್ಲ ನಡೆಯುತ್ತದೆ, ಕನ್ನಡ ಟೈಪಿಂಗೂ ಅದರಲ್ಲಿ ಸಲೀಸು. ಹಳೆಯ ಎಸ್‌ಎಂಪಿಎಸ್ ಈ 51 ವಾಟ್‌ನ ಪ್ರೊಸೆಸರನ್ನು ಇಷ್ಟು ವರ್ಷ ಓಡಿಸಿದೆ, ಧೂಳು ಊದಿ ಸದ್ಯಕ್ಕೆ ಅವನಿಗೇ ಬಿಡಿ. ಬೇಕಾಗುವುದು ಒಂದು ಹಳೆಯ ಕ್ಯಾಬಿನೆಟ್, ಮಾನಿಟರ್, ಸಣ್ಣ ಎಸ್‌ಎಸ್‌ಡಿ, ಜೊತೆಗೆ ಒಂದು ರ‍್ಯಾಮ್ ಸ್ಟಿಕ್, ಯಾಕೆಂದರೆ ಅಲ್ಲಿದ್ದ ಒಂದೇ ಸ್ಟಿಕ್ ನೀವು ತೆಗೆದುಕೊಂಡಿರುತ್ತೀರಿ. ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಡಿಡಿಆರ್4ರ 4 ಜಿಬಿ ಸ್ಟಿಕ್ ಕೇಳಿ, ಅಂಗಡಿಯಲ್ಲೇ ಹಾಕಿ ತೋರಿಸಲು ಹೇಳಿ, ಒಂದು ವಾರದೊಳಗೆ ಬದಲಿಸಿಕೊಡುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಂಡು ತನ್ನಿ.